ಕೈಪಿಡಿ ಬರೆದ ಕವಿ: ವಿಲಿಯಂ ವರ್ಡ್ಸ್‌ವರ್ತ್

ಕನ್ನಡ ನವೋದಯ ಕಾವ್ಯವನ್ನು ಅಭ್ಯಾಸಮಾಡುವವರಿಗೆ ವಿಲಿಯಂ ವರ್ಡ್ಸ್‌ವರ್ತ್ ಪರಿಚಿತನಾಗಿರುವುದು ಪ್ರಕೃತಿಕವಿಯಾಗಿ. ಆದರೆ ಅವನ ಜೀವಿತಕಾಲದಲ್ಲಿಯೇ ಅವನನ್ನು ಬೇರೊಂದು ಪುಸ್ತಕದಿಂದ ಬಲ್ಲ ಓದುಗರೂ ಇದ್ದರು. ಅದು ಉತ್ತರ ಇಂಗ್ಲೆಂಡಿನ ಸರೋವರ ಸೀಮೆಗೆ ಬರುವ ಪ್ರವಾಸಿಗಳಿಗಾಗಿ ಅವನು ಗದ್ಯದಲ್ಲಿ ಬರೆದ ಮಾರ್ಗದರ್ಶಿ. ಆ ಕೈಪಿಡಿಯನ್ನು ಮೆಚ್ಚಿದ ಪಾದ್ರಿಯೊಬ್ಬನು ಅವನು ಅದಲ್ಲದೆ ಮತ್ತೇನನ್ನಾದರೂ ಬರೆದಿರುವನೇ ಎಂದು ಕವಿಯನ್ನೇ ವಿಚಾರಿಸಿದನೆಂಬ ಪ್ರಸಂಗವನ್ನು ವಿಮರ್ಶಕ ಮ್ಯಾಥ್ಯೂ ಆರ್ನಾಲ್ಡ್ ಮುಂದೆ ದಾಖಲಿಸಿದ್ದಾನೆ. ಪ್ರಸಂಗವು ನಗೆ ತರಿಸುವಂಥದು. ಆದರೆ ಆ ಪಾದ್ರಿಯ ಮೆಚ್ಚುಗೆ ಅಸ್ಥಾನದ್ದಾಗಿರಲಿಲ್ಲ. ಕಾಲು ಶತಮಾನಕ್ಕೂ ಹೆಚ್ಚು ಕಾಲ ಕವಿಯು ಆ ಪುಸ್ತಕವನ್ನು ಮತ್ತೆ ಮತ್ತೆ ತಿದ್ದಿದನು.

ವರ್ಡ್ಸ್‌ವರ್ತ್ ಹುಟ್ಟಿದ್ದು 1770ರ ಏಪ್ರಿಲ್ 7ರಂದು, ಕಂಬರ್‌ಲೆಂಡ್ ಪ್ರಾಂತ್ಯದ ಕಾಕರ್‌ಮೌತ್ ಎಂಬ ಊರಿನಲ್ಲಿ. ಎಂಟು ವರ್ಷ ತುಂಬುವ ಮುನ್ನವೇ ತಾಯಿಯನ್ನೂ ಹದಿಮೂರನೆಯ ವಯಸ್ಸಿನಲ್ಲಿ ತಂದೆಯನ್ನೂ ಕಳೆದುಕೊಂಡ ಬಾಲಕನು ಹಾಕ್ಸ್‌ಹೆಡ್ ಎಂಬ ಸಣ್ಣ ಊರಿನ ಶಾಲೆಯಲ್ಲಿ ಓದಿದನು. ಶಾಲೆಯ ಹೊರಗೆ ಅವನಿಗೆ ಬೆಟ್ಟ, ಕೆರೆ, ತೊರೆಗಳ ಇನ್ನೊಂದು ಶಿಕ್ಷಣ ದೊರೆಯಿತು. 1787ರಲ್ಲಿ ಅವನು ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜನ್ನು ಸೇರಿದನು.

ಅವನ ಬಾಲ್ಯದ ವೇಳೆಗಾಗಲೇ ಸರೋವರ ಸೀಮೆಗೆ ಪ್ರವಾಸಿಗಳು ಬರತೊಡಗಿದ್ದರು. 1778ರಲ್ಲಿ ಪ್ರಕಟವಾದ ಥಾಮಸ್ ವೆಸ್ಟ್‌ನ ಮಾರ್ಗದರ್ಶಿ ಅವರ ನೆಚ್ಚಿನ ಪುಸ್ತಕವಾಗಿತ್ತು. ಸರೋವರಗಳ ಸುತ್ತ ಎಲ್ಲೆಲ್ಲಿ ನಿಂತರೆ ಚಿತ್ರದಂಥ ನೋಟ ದೊರೆಯುವುದೆಂದು ವೆಸ್ಟ್ ನೆಲೆಗಳನ್ನು ಗುರುತಿಸಿಕೊಟ್ಟಿದ್ದನು. ಉಬ್ಬುಗನ್ನಡಿಯೊಂದನ್ನು ಜೊತೆಗೊಯ್ಯುವಂತೆಯೂ ಸಲಹೆಮಾಡಿದ್ದನು. ಪ್ರವಾಸಿಯು ಬೆಟ್ಟಕ್ಕೆ ಬೆನ್ನುಮಾಡಿ ನಿಂತು, ಕನ್ನಡಿಯೊಳಗೆ ಕಿರಿದಾಗಿ ಮೂಡಿದ ಪ್ರತಿಬಿಂಬವನ್ನು ನೋಡಿ ತಣಿಯುತ್ತಿದ್ದನು. ಎಲ್ಲಿ ನಿಲ್ಲಬೇಕೆಂಬುದು ಆ ಪುಸ್ತಕದಿಂದ ಚೆನ್ನಾಗಿ ತಿಳಿಯುತ್ತಿತ್ತು; ಆ ಬೆಟ್ಟಗಳ ನಡುವೆ ಜನರು ಹೇಗೆ ಬಾಳುತ್ತಿದ್ದರೆಂಬುದು ಅಷ್ಟಾಗಿ ತಿಳಿಯುತ್ತಿರಲಿಲ್ಲ.

ದಾರಿ ತಪ್ಪುವುದೆಂದರೇನೆಂಬುದನ್ನು ವರ್ಡ್ಸ್‌ವರ್ತ್ ಪರದೇಶದಲ್ಲಿ ಕಲಿತನು. 1790ರ ಬೇಸಗೆಯ ರಜೆಯಲ್ಲಿ ಸಹಪಾಠಿ ರಾಬರ್ಟ್ ಜೋನ್ಸ್‌ನೊಡನೆ ಅವನು ಫ್ರಾನ್ಸನ್ನು ಹಾದು ಆಲ್ಪ್ಸ್ ಪರ್ವತಗಳಿಗೆ ಕಾಲ್ನಡಿಗೆಯಲ್ಲಿ ಹೋದನು. ಸಿಂಪ್ಲಾನ್ ಕಣಿವೆದಾರಿಯಲ್ಲಿ ಹೇಸರಗತ್ತೆಗಳನ್ನು ಹೊಡೆದುಕೊಂಡು ಹೋಗುತ್ತಿದ್ದವರ ಗುಂಪಿನಿಂದ ಗೆಳೆಯರಿಬ್ಬರೂ ಹಿಂದುಳಿದರು. ಶಿಖರದ ಆಸೆಯಿಂದ ಮೇಲಕ್ಕೆ ಏರುವ ಕಾಲುದಾರಿಯನ್ನು ಹಿಡಿದರು. ಎದುರಾದ ರೈತನೊಬ್ಬನು ತೊರೆಯ ಬಳಿಗೆ ಮರಳಿ ಅದರ ಜೊತೆಯಲ್ಲಿಯೇ ಕೆಳಗಿಳಿಯಬೇಕೆಂದು ತಿಳಿಸಿದನು. ತಾವು ಆಲ್ಪ್ಸ್ ಅನ್ನು ಆಗಲೇ ದಾಟಿಬಿಟ್ಟಿದ್ದೇವೆಂಬುದು ಅವರಿಗೆ ಅರಿವಾದದ್ದು ಆ ಮಾತಿನಿಂದ. ಬಹುಕಾಲ ಕಾದ ಕ್ಷಣವು ತಿಳಿಯದೆಯೇ ಕಳೆದುಹೋಗಿತ್ತು. ಈ ನಿರಾಸೆಯನ್ನು ಅವನು ಮುಂದೆ ತನ್ನ ಆತ್ಮಕಥನ ಕಾವ್ಯ ‘ದಿ ಪ್ರಿಲ್ಯೂಡ್’ನಲ್ಲಿ ಚಿತ್ರಿಸಿದನು. ಪರಸ್ಥಳದ ನಡಿಗೆಗಾರನಿಗೆ ಕಾಣದ ದಾರಿಯು ಅಲ್ಲಿಯವನಿಗೆ ಅಂಗೈಯ ಗೆರೆಯಷ್ಟು ಸ್ಪಷ್ಟವಾಗಿತ್ತು.

1799ರ ಡಿಸೆಂಬರಿನಲ್ಲಿ ಕವಿಯು ತಂಗಿ ಡೊರೊಥಿಯೊಡನೆ ಗ್ರಾಸ್ಮಿಯರ್‌ನಲ್ಲಿ ನೆಲಸಿದನು. 1802ರಲ್ಲಿ ಮೇರಿ ಹಚಿನ್ಸನ್‌ಳನ್ನು ಮದುವೆಯಾದನು. ದಿನವೂ ಮೈಲಿಗಟ್ಟಲೆ ನಡೆಯುವುದು ಆ ಮನೆಯ ಬಾಳಿನ ಕ್ರಮವಾಗಿತ್ತು. 1810ರಲ್ಲಿ ಜೋಸೆಫ್ ವಿಲ್ಕಿನ್ಸನ್ ಎಂಬ ಪಾದ್ರಿಯು ಆ ಸೀಮೆಯ ದೃಶ್ಯಗಳ ಚಿತ್ರಸಂಪುಟವನ್ನು ಹೊರತಂದಾಗ ಅದಕ್ಕೆ ಬರೆಹವನ್ನು ಒದಗಿಸಿದವನು ವರ್ಡ್ಸ್‌ವರ್ತ್. ಸಂಪುಟದಲ್ಲಿ ಅವನ ಹೆಸರಿರಲಿಲ್ಲ. ಆ ಚಿತ್ರಗಳು ಅವನಿಗೆ ಸ್ವಲ್ಪವೂ ಹಿಡಿಸಿರಲಿಲ್ಲ. ಆದರೆ ಬರೆಯತೊಡಗಿದ ಮೇಲೆ ವಿಷಯವು ಅವನನ್ನು ಬಿಡಲಿಲ್ಲ. 1820ರಲ್ಲಿ ಅದೇ ಬರೆಹವನ್ನು ತಿದ್ದಿ ಡಡನ್ ನದಿಯ ಸಾನೆಟ್ಟುಗಳೊಡನೆ ತನ್ನ ಹೆಸರಿನಲ್ಲಿ ಪ್ರಕಟಿಸಿದನು. 1822ರಲ್ಲಿ ಅದು ಪ್ರತ್ಯೇಕ ಪುಸ್ತಕವಾಯಿತು; 1835ರಲ್ಲಿ ಐದನೆಯ ಆವೃತ್ತಿ ಬಂದಿತು.

ಈ ಪುಸ್ತಕವು ತನ್ನ ಓದುಗನನ್ನು ಸಿದ್ಧವಾದ ನೆಲೆಯಲ್ಲಿ ನಿಲ್ಲಿಸಿ ಮುಗಿಸುವುದಿಲ್ಲ. ಸ್ಕಾಫೆಲ್ ಮತ್ತು ಗ್ರೇಟ್ ಗೇಬಲ್ ಬೆಟ್ಟಗಳ ನಡುವೆ ತೇಲುವ ಮೋಡವೊಂದರ ಮೇಲೆ ನಿಂತಂತೆ ಭಾವಿಸಿಕೊಳ್ಳುವಂತೆ ಅವನನ್ನು ಕರೆಯುತ್ತದೆ. ಅಲ್ಲಿಂದ ನೋಡಿದರೆ ಕಣಿವೆಗಳೆಲ್ಲವೂ ಗಾಲಿಯ ಗುಂಬದಿಂದ ಹೊರಟ ಅರಗಳಂತೆ ಸುತ್ತಲೂ ಚಾಚಿಕೊಂಡಿವೆ. ಹೀಗೆ ಇಡಿಯ ನಾಡಿನ ಅಂಗರಚನೆಯು ಮನಸ್ಸಿನಲ್ಲಿ ನಿಂತ ಬಳಿಕ, ಯಾವ ಕಣಿವೆಯಲ್ಲಿ ನಡೆದರೂ ಓದುಗನಿಗೆ ತಾನೆಲ್ಲಿರುವೆನೆಂಬ ಅರಿವು ಉಳಿಯುತ್ತದೆ. ಮುಂದಿನ ಪುಟಗಳು ಆ ನೆಲದ ಜನರ ಕಡೆಗೆ ತಿರುಗುತ್ತವೆ: ಕುರಿ ಸಾಕಿ, ನೂಲು ನೂತು, ಸ್ವಂತ ತುಂಡುಭೂಮಿಯಲ್ಲಿ ಬಾಳಿದ ಒಕ್ಕಲುಗಳು, ಬಂಡೆಯಿಂದಲೇ ಬೆಳೆದಂತೆ ಕಾಣುವ ಕಲ್ಲಿನ ಮನೆಗಳು. ಹೊರಗಿನ ಸಿರಿವಂತರು ಕಟ್ಟಿದ ಕಣ್ಣುಕುಕ್ಕುವ ಬಿಳಿಯ ಮನೆಗಳನ್ನೂ ಸಾಲುಸಾಲಾಗಿ ನೆಟ್ಟ ಲಾರ್ಚ್ ಮರದ ತೋಪುಗಳನ್ನೂ ಕವಿಯು ಕಟುವಾಗಿ ಟೀಕಿಸುತ್ತಾನೆ. ವ್ಯವಹಾರದ ಸಲಹೆಗೂ ಕೊರತೆಯಿಲ್ಲ. ಜನಸಂದಣಿ ಸೇರುವ ನಡುಬೇಸಗೆಯು ಮಳೆಯ ಕಾಲವಾದುದರಿಂದ ಮೇ, ಜೂನ್ ತಿಂಗಳ ನಡುವಣ ವಾರಗಳೂ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳೂ ಉತ್ತಮವೆಂದು ಅವನು ಸೂಚಿಸುತ್ತಾನೆ. ಅಲ್ಲಿ ವರ್ಷಗಟ್ಟಲೆ ಬಾಳದವನು ಇದನ್ನು ಹೇಳಬಲ್ಲವನಲ್ಲ.

ಪುಸ್ತಕದ ಅತ್ಯಂತ ಜೀವಂತವಾದ ಪುಟಗಳಲ್ಲಿ ಕೆಲವು ಅವನವಲ್ಲ. 1818ರ ಅಕ್ಟೋಬರಿನಲ್ಲಿ ಡೊರೊಥಿಯು ಗೆಳತಿ ಮೇರಿ ಬಾರ್ಕರ್‌ಳೊಡನೆ, ಕುರುಬನೊಬ್ಬನ ಮಾರ್ಗದರ್ಶನದಲ್ಲಿ, ಸ್ಕಾಫೆಲ್ ಪೈಕ್ ಶಿಖರವನ್ನು ಏರಿದಳು. 978 ಮೀಟರ್ ಎತ್ತರದ ಅದು ಇಂಗ್ಲೆಂಡಿನಲ್ಲಿಯೇ ಅತ್ಯುನ್ನತವಾದುದು. ಬಿಸಿಲು ತಿಳಿಯಾಗಿದ್ದ ಹೊತ್ತಿನಲ್ಲಿ ಕುರುಬನು ಬಿರುಗಾಳಿ ಬರಲಿದೆಯೆಂದು ಎಚ್ಚರಿಸಿ ಅವಸರಪಡಿಸಿದನು. ಎಷ್ಟು ನೋಡಿದರೂ ಆ ಹೆಂಗಸರಿಗೆ ಅದರ ಸುಳಿವು ಕಾಣಲಿಲ್ಲ. ಅವನು ಬೆರಳು ಮಾಡಿ ತೋರಿಸಿದ ಮೇಲೆ ದೂರದ ಕಡಲಿನ ಮೇಲೆ ತೆಳುವಾದ ಆವಿಯೊಂದು ಕಂಡಿತು. ಬಿರುಗಾಳಿ ಬಂದೇ ಬಂದಿತು. ಈ ಏರಾಟವನ್ನು ಡೊರೊಥಿಯು ಕಾಗದವೊಂದರಲ್ಲಿ ವರ್ಣಿಸಿದ್ದಳು. ವರ್ಡ್ಸ್‌ವರ್ತ್ ಅದನ್ನು ತುಸು ಮಾರ್ಪಡಿಸಿ 1822ರ ಆವೃತ್ತಿಯಲ್ಲಿ ಸೇರಿಸಿದನು. ಬರೆದವಳ ಹೆಸರನ್ನು ಮಾತ್ರ ಹೇಳಲಿಲ್ಲ. ಶಿಖರಕ್ಕೆ ದಾರಿ ತೋರಿದ ಕುರುಬನ ಹೆಸರೂ ಅಲ್ಲಿಲ್ಲ. ತನ್ನ ಬರಹಗಳು ಅಚ್ಚಾಗಬೇಕೆಂದು ಡೊರೊಥಿಯು ಹಂಬಲಿಸಿದವಳಲ್ಲವೆಂಬುದು ನಿಜ. ಆದರೂ ಅಣ್ಣನ ಪುಸ್ತಕವು ಅವಳಿಗೆ ತೀರಿಸದ ಋಣವೊಂದನ್ನು ಉಳಿಸಿಕೊಂಡಿತು. ಒಬ್ಬನ ಹೆಸರಿನಲ್ಲಿ ಬಂದ ಕೈಪಿಡಿಯ ಹಿಂದೆ ಮೂವರ ಅರಿವು ಇತ್ತು.

ನಡುವೆ ದುಃಖಗಳೂ ಬಂದವು. 1812ರ ಒಂದೇ ವರ್ಷದಲ್ಲಿ ಕವಿಯ ಇಬ್ಬರು ಮಕ್ಕಳು, ಕ್ಯಾಥರೀನ್ ಮತ್ತು ಥಾಮಸ್, ತೀರಿಕೊಂಡರು. ಮರುವರ್ಷ ಅವನಿಗೆ ವೆಸ್ಟ್‌ಮರ್‌ಲೆಂಡಿನಲ್ಲಿ ಸರಕಾರಿ ಮುದ್ರಾಪತ್ರಗಳ ವಿತರಣಾಧಿಕಾರಿಯ ಹುದ್ದೆ ದೊರೆತು, ಸಂಸಾರವು ರೈಡಲ್ ಮೌಂಟ್ ಎಂಬ ಮನೆಗೆ ಬಂದಿತು. 1843ರಲ್ಲಿ ಅವನು ರಾಷ್ಟ್ರಕವಿಯಾದನು. ಆ ವೇಳೆಗೆ ಅವನ ಮನೆಯೇ ಪ್ರವಾಸಿಗಳು ನೋಡುವ ಸ್ಥಳಗಳಲ್ಲಿ ಒಂದಾಗಿತ್ತು.

ಆಗ ಒದಗಿದ ಪರೀಕ್ಷೆಯಲ್ಲಿ ಕೈಪಿಡಿಕಾರನೂ ನೆಲದ ಕಾವಲುಗಾರನೂ ಎದುರುಬದುರಾದರು. ಕೆಂಡಲ್‌ನಿಂದ ವಿಂಡರ್‌ಮಿಯರ್ ಬಳಿಗೆ ರೈಲುಮಾರ್ಗವನ್ನು ತರುವ ಯೋಜನೆಯನ್ನು 1844ರಲ್ಲಿ ಅವನು ಪತ್ರಿಕೆಗೆ ಕಾಗದಗಳನ್ನು ಬರೆದು ವಿರೋಧಿಸಿದನು. ನಗರದ ಕೂಲಿಕಾರರನ್ನು ಗುಂಪುಗುಂಪಾಗಿ ತಂದಿಳಿಸಿದರೆ ಬೆಟ್ಟಗಳ ಏಕಾಂತವು ಕೆಡುವುದು, ಸೌಂದರ್ಯವನ್ನು ಸವಿಯುವ ಅಭಿರುಚಿಯು ನಿಧಾನವಾಗಿ ಬೆಳೆಯತಕ್ಕದ್ದು ಎಂಬುದು ಅವನ ವಾದ. ಬಡವರ ಬಾಳನ್ನು ಕಾವ್ಯಕ್ಕೆ ತಂದವನ ಬಾಯಿಂದ ಈ ಮಾತು ಬಂದುದು ಅನೇಕರಿಗೆ ಸ್ವಾರ್ಥವಾಗಿ ಕಂಡಿತು. ಅವನ ಪುಸ್ತಕವೇ ಅವನಿಗೆ ಎದುರಾಡುತ್ತಿತ್ತು. ನೋಡುವ ಕಣ್ಣೂ ಸವಿಯುವ ಹೃದಯವೂ ಉಳ್ಳ ಪ್ರತಿಯೊಬ್ಬನಿಗೂ ಹಕ್ಕಿರುವ ಒಂದು ಬಗೆಯ ರಾಷ್ಟ್ರೀಯ ಸ್ವತ್ತೆಂದು ಆ ಸೀಮೆಯನ್ನು ಭಾವಿಸಬೇಕೆಂಬ ಆಶಯವನ್ನು ಅದರಲ್ಲಿ ಅವನೇ ಮಂಡಿಸಿದ್ದನು. ಕಣ್ಣು ಯಾರಿಗೆ ಇದೆಯೆಂದು ನಿರ್ಣಯಿಸುವವರು ಯಾರು? ಅವನ ಕಾಗದಗಳಲ್ಲಿ ಈ ಪ್ರಶ್ನೆಗೆ ತೃಪ್ತಿಕರವಾದ ಉತ್ತರವಿಲ್ಲ. 1847ರಲ್ಲಿ ರೈಲು ಬಂದಿತು. ಅದೇ ವರ್ಷ ಮಗಳು ಡೋರಾ ತೀರಿಕೊಂಡಳು. 1850ರ ಏಪ್ರಿಲ್ 23ರಂದು ಕವಿಯು ಕಣ್ಣುಮುಚ್ಚಿದನು. ಅವನ ಸಮಾಧಿಯು ಗ್ರಾಸ್ಮಿಯರ್‌ನ ಚರ್ಚಿನ ಅಂಗಳದಲ್ಲಿದೆ.

ಅವನು ಬಿಟ್ಟುಹೋದ ಎರಡು ಮಾತುಗಳಲ್ಲಿ ಉಳಿದುಬಂದುದು ಕೈಪಿಡಿಯ ಮಾತು. ರಾಷ್ಟ್ರೀಯ ಸ್ವತ್ತೆಂಬ ಕಲ್ಪನೆಯನ್ನು ಮುಂದಿನವರು ಕೈಗೆತ್ತಿಕೊಂಡರು. 1895ರಲ್ಲಿ ನ್ಯಾಷನಲ್ ಟ್ರಸ್ಟ್ ಸ್ಥಾಪನೆಯಾಯಿತು. 1951ರಲ್ಲಿ ಸರೋವರ ಸೀಮೆಯು ರಾಷ್ಟ್ರೀಯ ಉದ್ಯಾನವಾಯಿತು. 1955ರಿಂದ 1966ರವರೆಗೆ ಆಲ್ಫ್ರೆಡ್ ವೈನ್‌ರೈಟ್ ಏಳು ಸಂಪುಟಗಳಲ್ಲಿ ಅಲ್ಲಿಯ 214 ಬೆಟ್ಟಗಳ ದಾರಿಗಳನ್ನು ಕೈಬರಹದಲ್ಲಿ, ತಾನೇ ಬರೆದ ಚಿತ್ರಗಳೊಡನೆ ವಿವರಿಸಿದನು.

ಇಂದು ಆ ಉದ್ಯಾನಕ್ಕೆ ಹೋಗುವ ಚಾರಣಿಗನು 1835ರ ಪುಸ್ತಕವನ್ನು ನಂಬಿ ಶಿಖರವೇರಲಾರನು. ದೂರ, ಏರು, ತಿರುವುಗಳಿಗೆ ಹೊಸ ಕೈಪಿಡಿಯೇ ಬೇಕು. ಆದರೆ ಅದನ್ನು ಆಯ್ದುಕೊಳ್ಳುವ ಅಳತೆಗೋಲು ವರ್ಡ್ಸ್‌ವರ್ತ್‌ನ ಪುಸ್ತಕದಲ್ಲಿಯೇ ದೊರೆಯುತ್ತದೆ. ಬರೆದವನು ಆ ನೆಲದ ಋತುಗಳನ್ನು ಬಲ್ಲನೇ, ಒಮ್ಮೆ ಬರೆದುದನ್ನು ಮರಳಿ ಹೋಗಿ ತಿದ್ದಿರುವನೇ, ಬೆಟ್ಟವನ್ನು ಹೇಳುವಾಗ ಅಲ್ಲಿ ಬಾಳುವವರನ್ನು ಮರೆಯದಿರುವನೇ ಎಂಬವು ಆ ಅಳತೆಯ ಗೆರೆಗಳು. ಇವುಗಳ ಜೊತೆಗೆ, ಅವನು ಪಾಲಿಸದೆ ಬಿಟ್ಟ ಇನ್ನೊಂದು ಗೆರೆಯೂ ಇದೆ: ದಾರಿಯನ್ನು ತನಗೆ ತೋರಿಸಿಕೊಟ್ಟವರ ಹೆಸರನ್ನು ಹೇಳುವುದು.