ವೈದ್ಯನಾದ ಅಂದ್ರೆಯಾಸ್ ವೆಸಾಲಿಯಸನ ಚರಿತ್ರೆ

ಮನುಷ್ಯಶರೀರದ ಎಲುಬುಗಳನ್ನು ತನ್ನ ಕಣ್ಣು ಕೈಗಳಿಂದಲೇ ಅರಿತು ಲೋಕಕ್ಕೆ ತಿಳಿಸಿದ ಅಂದ್ರೆಯಾಸ್ ವೆಸಾಲಿಯಸನು 1514ನೇ ಇಸವಿ ದಶಂಬರ 31ರಂದು ಬ್ರಸೆಲ್ಸ್ ಪಟ್ಟಣದಲ್ಲಿ ಹುಟ್ಟಿದನು. ಆತನ ತಂದೆಯು ಐದನೆಯ ಚಾರ್ಲ್ಸ್ ಚಕ್ರವರ್ತಿಯ ಬಳಿಯಲ್ಲಿ ಔಷಧಗಳನ್ನು ಸಿದ್ಧಪಡಿಸುವ ಕೆಲಸದಲ್ಲಿದ್ದನು.

ವೆಸಾಲಿಯಸನು ವೈದ್ಯವಿದ್ಯೆಯನ್ನು ಕಲಿಯಲು ಪ್ಯಾರಿಸಿಗೆ ಹೋದಾಗ ಅಲ್ಲಿದ್ದ ಪದ್ಧತಿಯು ವಿಚಿತ್ರವಾದದ್ದು. ಗುರುವು ಎತ್ತರವಾದ ಪೀಠದಲ್ಲಿ ಕುಳಿತು ಗಾಲೆನನ ಗ್ರಂಥವನ್ನು ಓದುವನು. ಕೆಳಗೆ ಕ್ಷೌರಿಕನೊಬ್ಬನು ಶವವನ್ನು ಕೊಯ್ಯುವನು. ಶಿಷ್ಯರು ದೂರದಿಂದ ನೋಡುವರು. ಗಾಲೆನನು ಎರಡನೆಯ ಶತಮಾನದ ಮಹಾ ವೈದ್ಯನೇ ಸರಿ. ಆದರೆ ಆತನು ಕೊಯ್ದು ನೋಡಿದ್ದು ಹೆಚ್ಚಾಗಿ ಕೋತಿ ಮೊದಲಾದ ಪ್ರಾಣಿಗಳನ್ನು. ಗ್ರಂಥಕ್ಕೂ ಶವಕ್ಕೂ ವ್ಯತ್ಯಾಸ ಕಂಡರೆ ಶವದಲ್ಲಿಯೇ ತಪ್ಪೆಂದು ತಿಳಿಯುತ್ತಿದ್ದರು!

ವೆಸಾಲಿಯಸನಿಗೆ ಇದರಿಂದ ತೃಪ್ತಿಯಾಗಲಿಲ್ಲ. ಪ್ಯಾರಿಸಿನ ಸ್ಮಶಾನವೊಂದರಲ್ಲಿ ರಾಶಿಯಾಗಿ ಬಿದ್ದಿದ್ದ ಎಲುಬುಗಳನ್ನು ಆತನು ಗಂಟೆಗಟ್ಟಲೆ ಪರೀಕ್ಷಿಸಿದನು. ಕೊನೆಗೆ ಕಣ್ಣು ಕಟ್ಟಿಕೊಂಡು, ಜೊತೆಗಾರರು ಕೊಟ್ಟ ಎಲುಬು ಯಾವದೆಂದು ಮುಟ್ಟಿಯೇ ಹೇಳಬಲ್ಲವನಾದನು. ಇದೆಷ್ಟು ಕಷ್ಟವೆಂಬದನ್ನು ತಿಳಿಯಲು ನಮ್ಮ ಕೈಯನ್ನೇ ನೋಡಿದರೆ ಸಾಕು. ಮಣಿಕಟ್ಟಿನಿಂದ ಬೆರಳ ತುದಿಯ ತನಕ ಒಂದು ಕೈಯಲ್ಲಿ 27 ಎಲುಬುಗಳಿರುವವು: ಮಣಿಕಟ್ಟಿನಲ್ಲಿ 8, ಅಂಗೈಯಲ್ಲಿ 5, ಬೆರಳುಗಳಲ್ಲಿ 14. ಹೆಬ್ಬೆರಳಿಗೆ ಎರಡೇ, ಉಳಿದ ಬೆರಳುಗಳಿಗೆ ಮೂರು ಮೂರು. ಮಣಿಕಟ್ಟಿನವುಗಳು ಹೊಳೆಯ ಬೆಣಚುಕಲ್ಲುಗಳಂತೆ ಸಣ್ಣವು. ಕಿರುಬೆರಳಿನ ಕಡೆಯ ಒಂದಂತೂ ಬಟಾಣಿಯ ಕಾಳಿನಂತಿದ್ದು ಒತ್ತಿದರೆ ನಮ್ಮ ಬೆರಳಿಗೆ ಸಿಕ್ಕುವದು. ಬೆಳೆದ ಮನುಷ್ಯನ 206 ಎಲುಬುಗಳಲ್ಲಿ 106, ಎಂದರೆ ಅರ್ಧಕ್ಕಿಂತ ಹೆಚ್ಚು, ಎರಡು ಕೈ ಎರಡು ಪಾದಗಳಲ್ಲಿಯೇ ಇರುವವು.

1536ರಲ್ಲಿ ಯುದ್ಧದ ನಿಮಿತ್ತ ಆತನು ಲೂವೆನಿಗೆ ಹಿಂದಿರುಗಿದನು. ಅಲ್ಲಿ ಊರ ಹೊರಗೆ ಮರಣದಂಡನೆ ಹೊಂದಿದವನೊಬ್ಬನ ಶವವು ಹಕ್ಕಿಗಳಿಗೆ ಆಹಾರವಾಗಿ ಬರೀ ಎಲುಬುಗಳಾಗಿ ಕಂಬದ ಮೇಲೆ ತೂಗುತ್ತಿತ್ತು. ವೆಸಾಲಿಯಸನು ಅದನ್ನು ಗುಟ್ಟಾಗಿ ತುಂಡುತುಂಡಾಗಿ ಮನೆಗೆ ತಂದು, ಕಡಮೆಬಿದ್ದವುಗಳನ್ನು ಬೇರೆಡೆಯಿಂದ ದೊರಕಿಸಿ, ಜೋಡಿಸಿ ನಿಲ್ಲಿಸಿದನು. ಕೇಳಿದವರಿಗೆ ಅದನ್ನು ಪ್ಯಾರಿಸಿನಿಂದ ತಂದೆನೆಂದನು. ಆ ಸುಳ್ಳನ್ನು ನಾವು ಮೆಚ್ಚಲಾರೆವು. ಆದರೂ ಆತನ ಕಲಿಯುವ ಹಸಿವು ಎಷ್ಟೆಂಬದು ಇದರಿಂದ ತೋರುವದು.

1537ರ ದಶಂಬರದಲ್ಲಿ, ಇನ್ನೂ 23 ವರುಷ ತುಂಬದಿರುವಾಗಲೇ, ಪಾದುವದಲ್ಲಿ ಅಧ್ಯಾಪಕನಾದನು. ಅಲ್ಲಿ ಕ್ಷೌರಿಕನನ್ನು ಬಿಟ್ಟು ತಾನೇ ಪೀಠದಿಂದಿಳಿದು ಕತ್ತಿಯನ್ನು ಹಿಡಿದನು. ವೈದ್ಯರು ಕೈಗೆಲಸವನ್ನು ಹೀನವೆಂದು ಬಿಟ್ಟುದರಿಂದಲೇ ವಿದ್ಯೆಯು ಕೆಟ್ಟಿತೆಂಬದು ಆತನ ದೂರು. 1543ರಲ್ಲಿ ಮಾನವ ಶರೀರದ ರಚನೆಯನ್ನು ಕುರಿತ ಆತನ ಮಹಾಗ್ರಂಥವು ಬಾಸೆಲಿನಲ್ಲಿ ಅಚ್ಚಾಯಿತು. ಚಿತ್ರಗಳ ಮರದ ಅಚ್ಚುಗಳು ವೆನಿಸಿನಿಂದ ಆಲ್ಪ್ಸ್ ಪರ್ವತವನ್ನು ದಾಟಿ ಬಂದವು. ಏಳು ಭಾಗಗಳಲ್ಲಿ ಮೊದಲನೆಯದು ಎಲುಬುಗಳದ್ದೇ. ಅಡಿಪಾಯವಿಲ್ಲದೆ ಮನೆ ಕಟ್ಟುವರೇ? ಅದರಲ್ಲಿರುವ ಆತನ ಭಾವಚಿತ್ರದಲ್ಲಿಯೂ ಕೊಯ್ದ ಕೈಯೊಂದನ್ನು ಹಿಡಿದು, ಬೆರಳುಗಳನ್ನು ಎಳೆಯುವ ಹುರಿಗಳನ್ನು ತೋರಿಸುತ್ತಿರುವನು.

ಕೆಳದವಡೆಯು ಗಾಲೆನನು ಹೇಳಿದಂತೆ ಎರಡಲ್ಲ, ಒಂದೇ ಎಲುಬು. ಎದೆಯೆಲುಬಿನ ಭಾಗಗಳು ಏಳಲ್ಲ, ಮೂರು ಎಂದು ಆತನು ತೋರಿಸಿದನು. ಹವ್ವಳ ಸೃಷ್ಟಿಯ ಕಥೆಯಿಂದಾಗಿ ಗಂಡಸರಿಗೆ ಒಂದು ಪಕ್ಕೆಲುಬು ಕಡಮೆಯೆಂದು ಜನರು ನಂಬಿದ್ದರು. ಸ್ತ್ರೀಪುರುಷರಿಬ್ಬರಿಗೂ 24 ಪಕ್ಕೆಲುಬುಗಳೆಂದು ಆತನು ಎಣಿಸಿ ಹೇಳಿದನು. ಇದರಿಂದ ವೇದವಾಕ್ಯಕ್ಕೆ ಕುಂದೇನೂ ಇಲ್ಲವೆಂದು ನಮಗೆ ತೋರುವದು. ತಂದೆಯು ಬೆರಳನ್ನು ಕಳಕೊಂಡರೂ ಮಕ್ಕಳು ಹತ್ತು ಬೆರಳುಳ್ಳವರಾಗಿಯೇ ಹುಟ್ಟುವರಷ್ಟೆ.

ಆದರೆ ಪ್ಯಾರಿಸಿನ ಗುರುವಾದ ಸಿಲ್ವಿಯಸನೇ ಕೋಪದಿಂದ ಆತನನ್ನು ನಿಂದಿಸಿ ಬರೆದನು. ಗಾಲೆನನ ಕಾಲದಿಂದ ಮನುಷ್ಯರ ದೇಹವೇ ಬದಲಾಗಿರಬೇಕೆಂದು ವಾದಿಸಿದನೇ ಹೊರತು ಗ್ರಂಥದಲ್ಲಿ ತಪ್ಪೆಂದು ಒಪ್ಪಲಿಲ್ಲ. ಇಂಥ ವಿರೋಧದಿಂದ ಮನನೊಂದ ವೆಸಾಲಿಯಸನು ತನ್ನ ಬರಹಗಳು ಹಲವನ್ನು ಸುಟ್ಟುಬಿಟ್ಟು ಚಕ್ರವರ್ತಿಯ ಸೇವೆಗೆ ಸೇರಿದನು. ಆ ಬೆಂಕಿಯಲ್ಲಿ ಏನೇನು ಹೋಯಿತೋ ಎಂದು ನಾವು ಮರುಗುವೆವು. 1555ರಲ್ಲಿ ಗ್ರಂಥವನ್ನು ತಿದ್ದಿ ಮತ್ತೊಮ್ಮೆ ಅಚ್ಚುಹಾಕಿಸಿದನು. 1564ರಲ್ಲಿ ಯೆರೂಸಲೇಮಿಗೆ ಯಾತ್ರೆ ಹೋಗಿ ಹಿಂದಿರುಗುವಾಗ ಝಾಕಿಂಥೋಸ್ ದ್ವೀಪದಲ್ಲಿ ತನ್ನ 49ನೆಯ ವಯಸ್ಸಿನಲ್ಲಿ ತೀರಿಕೊಂಡನು.

ಆ ಮರದ ಅಚ್ಚುಗಳು ನಾನೂರು ವರುಷ ಉಳಿದಿದ್ದು, 1944ರಲ್ಲಿ ಮ್ಯೂನಿಕ್ ನಗರದ ಮೇಲೆ ಬಿದ್ದ ಬಾಂಬುಗಳಿಂದ ನಾಶವಾದವು. 1543ರಲ್ಲಿ ಆತನು ಬಾಸೆಲಿನಲ್ಲಿ ತನ್ನ ಕೈಯಾರೆ ಜೋಡಿಸಿಕೊಟ್ಟ ಅಸ್ಥಿಪಂಜರವು ಮಾತ್ರ ಅಲ್ಲಿಯ ವಿಶ್ವವಿದ್ಯಾಲಯದ ಸಂಗ್ರಹಾಲಯದಲ್ಲಿ ಇಂದಿಗೂ ಇರುವದು.