ಪಾಲ್ ಸೆಜಾನ್ (1839–1906): ವರ್ಣದಿಂದ ಆಕಾರ ಕಟ್ಟಿದ ಕಲಾವಿದ

ಆಧುನಿಕ ಚಿತ್ರಕಲೆಗೆ ಅಡಿಪಾಯ ಹಾಕಿದವರಲ್ಲಿ ಫ್ರಾನ್ಸ್ ದೇಶದ ಪಾಲ್ ಸೆಜಾನ್ ಅವರು ಪ್ರಮುಖರು. ಇವರು 1839ರ ಜನವರಿ 19ರಂದು ದಕ್ಷಿಣ ಫ್ರಾನ್ಸಿನ ಏಕ್ಸ್ ಪಟ್ಟಣದಲ್ಲಿ ಜನಿಸಿದರು. ಟೋಪಿ ವ್ಯಾಪಾರದಿಂದ ಬ್ಯಾಂಕ್ ಉದ್ಯಮಕ್ಕೆ ಏರಿದ್ದ ಇವರ ತಂದೆಗೆ ಮಗನು ವಕೀಲನಾಗಬೇಕೆಂಬ ಅಪೇಕ್ಷೆಯಿತ್ತು. ಇವರು ಕಾನೂನು ವ್ಯಾಸಂಗವನ್ನು ಅರ್ಧಕ್ಕೇ ಬಿಟ್ಟು 1861ರಲ್ಲಿ ಪ್ಯಾರಿಸ್‌ಗೆ ತೆರಳಿದರು. ಅಲ್ಲಿನ ಸರ್ಕಾರಿ ಲಲಿತಕಲಾ ಶಾಲೆಯಲ್ಲಿ ಪ್ರವೇಶ ದೊರೆಯಲಿಲ್ಲ. ಅಧಿಕೃತ ಕಲಾ ಪ್ರದರ್ಶನವಾದ ಸಲೋನ್ ಇವರ ಚಿತ್ರಗಳನ್ನು ಮತ್ತೆ ಮತ್ತೆ ತಿರಸ್ಕರಿಸಿ, 1882ರಲ್ಲಿ ಒಮ್ಮೆ ಮಾತ್ರ ಸ್ವೀಕರಿಸಿತು.

1872ರಿಂದ ಹಿರಿಯ ಕಲಾವಿದ ಕಮೀಲ್ ಪಿಸಾರೊ ಅವರೊಡನೆ ಬಯಲಿನಲ್ಲಿ ಕುಳಿತು ಚಿತ್ರಿಸಿದ್ದರಿಂದ ಇವರ ವರ್ಣಗಳು ತಿಳಿಯಾದವು. ಇಂಪ್ರೆಷನಿಸ್ಟ್ ಕಲಾವಿದರ 1874 ಮತ್ತು 1877ರ ಪ್ರದರ್ಶನಗಳಲ್ಲಿ ಇವರು ಭಾಗವಹಿಸಿದರು. ಆದರೆ ಕ್ಷಣಿಕವಾದ ಬೆಳಕನ್ನು ಹಿಡಿದರೆ ಸಾಲದು, ಚಿತ್ರದಲ್ಲಿಯೂ ಬೆಟ್ಟವು ಬೆಟ್ಟದಂತೆಯೇ ಭದ್ರವಾಗಿ ನಿಲ್ಲಬೇಕೆಂಬುದು ಇವರ ಹಂಬಲವಾಗಿತ್ತು.

ಹುಟ್ಟೂರಿನ ಸಮೀಪದ, 1,011 ಮೀಟರ್ ಎತ್ತರದ ಸೇಂತ್ ವಿಕ್ತ್ವಾರ್ ಬೆಟ್ಟವನ್ನು ಇವರು ತೈಲವರ್ಣದಲ್ಲಿಯೇ 30ಕ್ಕೂ ಹೆಚ್ಚು ಬಾರಿ ಚಿತ್ರಿಸಿದ್ದಾರೆ. ಸಾಂಪ್ರದಾಯಿಕ ಪದ್ಧತಿಯಲ್ಲಿ ಮೊದಲು ಬಾಹ್ಯರೇಖೆಯನ್ನು ಎಳೆದು, ಅನಂತರ ನೆರಳು ಬೆಳಕಿನಿಂದ ಉಬ್ಬುತಗ್ಗುಗಳನ್ನು ತೋರಿಸಲಾಗುತ್ತಿತ್ತು. ಸೆಜಾನ್ ಅವರು ಆ ಕೆಲಸವನ್ನು ಹೆಚ್ಚಾಗಿ ಬಣ್ಣಕ್ಕೇ ವಹಿಸಿದರು. ಕುಂಚದಿಂದ ಚಿಕ್ಕ ಚಿಕ್ಕ ವರ್ಣಖಂಡಗಳನ್ನು ಒಂದರ ಪಕ್ಕದಲ್ಲಿ ಒಂದರಂತೆ ಜೋಡಿಸಿದರು. ಹಳದಿ, ಕಿತ್ತಳೆಯಂತಹ ಬೆಚ್ಚನೆಯ ಬಣ್ಣಗಳು ಕಣ್ಣಿಗೆ ಸಮೀಪಿಸಿದಂತೆಯೂ, ನೀಲಿ, ನೇರಳೆಯಂತಹ ತಂಪು ಬಣ್ಣಗಳು ದೂರ ಸರಿದಂತೆಯೂ ತೋರುತ್ತವೆ. ಆದುದರಿಂದ ಬಣ್ಣ ಬದಲಾದಲ್ಲೆಲ್ಲ ಬೆಟ್ಟದ ಮೈ ಬಾಗುತ್ತದೆ, ಇಳಿಜಾರು ತಿರುಗುತ್ತದೆ. ಕೊನೆಯ ವರ್ಷಗಳ ಚಿತ್ರಗಳಲ್ಲಿ ಆಕಾಶದಲ್ಲಿಯೂ ಹಸಿರು ಖಂಡಗಳಿದ್ದು, ನೆಲ ಮುಗಿಲುಗಳು ಒಂದೇ ನೇಯ್ಗೆಯಾಗಿವೆ. ಹತ್ತಿರದಿಂದ ನೋಡಿದರೆ ಬರಿಯ ಬಣ್ಣದ ತುಣುಕುಗಳು. ಕೆಲವು ಹೆಜ್ಜೆ ಹಿಂದೆ ಸರಿದರೆ ಬೆಟ್ಟವು ಎದ್ದು ನಿಲ್ಲುತ್ತದೆ.

ಪ್ಯಾರಿಸ್‌ನಲ್ಲಿ ಇವರ ಮೊದಲ ಏಕವ್ಯಕ್ತಿ ಪ್ರದರ್ಶನ ನಡೆದುದು 1895ರಲ್ಲಿ, 56ನೆಯ ವಯಸ್ಸಿನಲ್ಲಿ. 1906ರ ಅಕ್ಟೋಬರ್‌ನಲ್ಲಿ ಬಯಲಿನಲ್ಲಿ ಚಿತ್ರಿಸುತ್ತಿದ್ದಾಗ ಮಳೆಗೆ ಸಿಲುಕಿ ಕುಸಿದು, ಕೆಲವೇ ದಿನಗಳಲ್ಲಿ ನಿಧನ ಹೊಂದಿದರು. ಮರುವರ್ಷ ಪ್ಯಾರಿಸ್‌ನಲ್ಲಿ ಏರ್ಪಟ್ಟ ಸ್ಮರಣಾರ್ಥ ಪ್ರದರ್ಶನವು ಯುವ ಕಲಾವಿದರ ಮೇಲೆ ಅಪಾರ ಪ್ರಭಾವ ಬೀರಿತು. ಪಿಕಾಸೊ ಮತ್ತು ಬ್ರಾಕ್ ಅವರ ಕ್ಯೂಬಿಸಂ ಇವರ ಪ್ರಯೋಗಗಳಿಂದ ಪ್ರೇರಣೆ ಪಡೆಯಿತು. ಜೀವಿತಕಾಲದಲ್ಲಿ ಬಹುಕಾಲ ತಿರಸ್ಕಾರಕ್ಕೆ ಒಳಗಾದ ಇವರ ಕೃತಿಗಳು ಇಂದು ಪ್ಯಾರಿಸ್‌ನ ಓರ್ಸೆ, ಅಮೆರಿಕದ ಫಿಲಡೆಲ್ಫಿಯಾ ಮೊದಲಾದ ವಸ್ತುಸಂಗ್ರಹಾಲಯಗಳಲ್ಲಿ ಸಾರ್ವಜನಿಕ ಸಂಪತ್ತಾಗಿ ಉಳಿದಿವೆ.