ಚಿತ್ರವಿಲ್ಲದ ಕಾಲದ ಸರ್ಜನ್: ವಿಕ್ಟರ್ ಹಾರ್ಸ್ಲಿ

ಎಕ್ಸ್, ವೈ, ಝಡ್ ಅಕ್ಷಗಳನ್ನು ಎಳೆದೂ ಎಳೆದೂ ಬೇಸತ್ತವರು ನಾವೆಲ್ಲ, ಅಲ್ವಾ? ಅದೇ ಮೂರು ಅಕ್ಷಗಳನ್ನು ಆಪರೇಷನ್ ಥಿಯೇಟರ್‌ನತ್ತ ತಂದವರಲ್ಲೊಬ್ಬರ ಕಥೆ ಇದು.

ವಿಕ್ಟರ್ ಹಾರ್ಸ್ಲಿ ಹುಟ್ಟಿದ್ದು 1857ರಲ್ಲಿ, ಲಂಡನ್ನಿನಲ್ಲಿ. 1886ರಲ್ಲಿ ಅಲ್ಲಿನ ಕ್ವೀನ್ ಸ್ಕ್ವೇರ್ ಆಸ್ಪತ್ರೆಗೆ ಸರ್ಜನ್ ಆಗಿ ಸೇರಿದರು. ಮರುವರ್ಷ ಜೂನ್‌ನಲ್ಲಿ, ಕಾಲುಗಳ ಶಕ್ತಿಯನ್ನೇ ಕಳೆದುಕೊಂಡಿದ್ದ ಒಬ್ಬ ಕ್ಯಾಪ್ಟನ್ ಅವರ ಕೈಗೆ ಬಂದರು. ಬೆನ್ನುಹುರಿಯನ್ನು ಗಡ್ಡೆಯೊಂದು ಒತ್ತುತ್ತಿದೆ ಅಂತ ವೈದ್ಯ ವಿಲಿಯಂ ಗೋವರ್ಸ್ ಹೇಳಿದ್ದರು. ಆದ್ರೆ ಎಷ್ಟನೇ ಮೂಳೆಯ ಹತ್ತಿರ? ಎಕ್ಸ್-ರೇ ಬರೋಕೆ ಇನ್ನೂ ಎಂಟು ವರ್ಷ ಬಾಕಿ. ನೋವು ಎಲ್ಲಿದೆ, ಸ್ಪರ್ಶ ಎಲ್ಲಿಂದ ಕೆಳಗೆ ತಿಳಿಯಲ್ಲ: ಸಿಕ್ಕ ಸುಳಿವು ಅಷ್ಟೇ.

ಲೆಕ್ಕ ಹಾಕಿದ ಜಾಗದಲ್ಲಿ ಮೂಳೆ ತೆಗೆದು ನೋಡಿದರೆ ಗಡ್ಡೆ ಇಲ್ಲ! ನರ ಹುರಿಯಿಂದ ಹೊರಡುವ ಮಟ್ಟವೇ ಬೇರೆ, ಮೂಳೆಗಳ ನಡುವಿನಿಂದ ಹೊರಬರುವ ಮಟ್ಟವೇ ಬೇರೆ. ಹಾಗಾಗಿ ಲೆಕ್ಕ ತಪ್ಪೋದು ಸುಲಭ. ಅಲ್ಲಿಗೇ ಹೊಲಿದು ಮುಚ್ಚಿದ್ದರೆ ಕ್ಯಾಪ್ಟನ್ ಹಾಸಿಗೆಯಲ್ಲೇ ಉಳಿಯುತ್ತಿದ್ದರು. ಹಾರ್ಸ್ಲಿ ಇನ್ನಷ್ಟು ಮೇಲಕ್ಕೆ ಹೋದರು. ಗಡ್ಡೆ ಸಿಕ್ತು. ವರ್ಷದೊಳಗೆ ಆ ಮನುಷ್ಯ ಮೈಲಿಗಟ್ಟಲೆ ನಡೆಯುತ್ತಿದ್ದರು. ಬೆನ್ನುಹುರಿಯ ಗಡ್ಡೆ ತೆಗೆದು ಯಶಸ್ವಿಯಾದ ಮೊದಲ ಶಸ್ತ್ರಚಿಕಿತ್ಸೆ ಅಂತ ಇದು ಹೆಸರಾಯಿತು.

1908ರಲ್ಲಿ ಹಾರ್ಸ್ಲಿ ಮತ್ತು ರಾಬರ್ಟ್ ಕ್ಲಾರ್ಕ್ ಒಂದು ಉಪಕರಣವನ್ನು ಪ್ರಕಟಿಸಿದರು. ಪ್ರಾಣಿಯ ತಲೆಗೆ ಚೌಕಟ್ಟು ಬಿಗಿದು, ಮೂರು ಅಕ್ಷಗಳ ಅಳತೆಯಿಂದ ಮಿದುಳಿನ ನಿಗದಿತ ಬಿಂದುವಿಗೆ ಸೂಜಿ ಮುಟ್ಟಿಸುವ ಯಂತ್ರ ಅದು. ಅದರ ವಿನ್ಯಾಸದ ಶ್ರೇಯ ಮುಖ್ಯವಾಗಿ ಕ್ಲಾರ್ಕ್‌ಗೆ ಸಲ್ಲಬೇಕು. ಮನುಷ್ಯರ ಮೇಲೆ ಈ ವಿಧಾನ ಬಂದದ್ದು 1947ರಲ್ಲಿ, ಅದೂ ಎಕ್ಸ್-ರೇ ಚಿತ್ರದ ಜೊತೆ ಸೇರಿ. ಅದನ್ನು ನೋಡಲು ಹಾರ್ಸ್ಲಿ ಇರ್ಲಿಲ್ಲ. ಮೊದಲ ಮಹಾಯುದ್ಧದಲ್ಲಿ ಸೇನಾ ವೈದ್ಯರಾಗಿ ಹೋಗಿ, 1916ರ ಜುಲೈನಲ್ಲಿ, ಈಗಿನ ಇರಾಕ್‌ನ ಅಮಾರಾದಲ್ಲಿ ತೀರಿಕೊಂಡರು.

ಇವತ್ತು ಬೆನ್ನುಮೂಳೆಗೆ ಸ್ಕ್ರೂ ಹಾಕುವಾಗ ಸಿಟಿ ಸ್ಕ್ಯಾನ್‌ನ ಬಿಂದುಗಳನ್ನು ರೋಗಿಯ ಮೂಳೆಯ ಬಿಂದುಗಳಿಗೆ ಹೊಂದಿಸುತ್ತಾರೆ. ಉಪಕರಣದ ತುದಿಯನ್ನು ಕ್ಯಾಮೆರಾ ಹಿಂಬಾಲಿಸುತ್ತೆ, ಪರದೆ ದಾರಿ ತೋರಿಸುತ್ತೆ. ಆದ್ರೆ ಮೂಳೆಗೆ ಕಚ್ಚಿಸಿದ ರೆಫರೆನ್ಸ್ ಫ್ರೇಮ್ ಸ್ವಲ್ಪ ಅಲುಗಿದರೂ ಪರದೆ ಸುಳ್ಳು ಹೇಳುತ್ತೆ, ಪಕ್ಕದಲ್ಲೇ ಬೆನ್ನುಹುರಿ ಇರುತ್ತೆ. ಲೆಕ್ಕ ಹೇಳಿದ ಜಾಗದಲ್ಲಿ ಗಡ್ಡೆ ಕಾಣದಿದ್ದಾಗ ಹಾರ್ಸ್ಲಿ ಲೆಕ್ಕವನ್ನೇ ಅನುಮಾನಿಸಿದರು. ಪರದೆಯ ಹಿಂದಿನ ಕೋಡ್ ಬರೆಯುವವರು ನಾಳೆ ನಮ್ಮಲ್ಲೇ ಯಾರೋ ಆಗಿರಬಹುದು. ಆ ಅನುಮಾನ ನಮಗೂ ಇರಲಿ.